ಪ್ಯಾಡ್ ಮೇಲೆ ಕೆಂಪು ಬಂದ ದಿನ

ಜಾಬ್ ಕಾರ್ಡ್‌ನಲ್ಲಿ ಇದ್ದದ್ದು ಒಂದೇ ಸಾಲು: ಹಿಂದಿನ ಡೋರ್, ಸಣ್ಣ ಗೀರು, ಬಫಿಂಗ್. ಅರ್ಧ ಗಂಟೆಯಲ್ಲಿ ಗಾಡಿ ಕೊಡುತ್ತೇವೆ ಎಂದು ಗಿರಾಕಿಗಳ ಜೊತೆ ಮಾತಾಡುವ ಸರ್ವಿಸ್ ಅಡ್ವೈಸರ್ ಆಗಲೇ ಮಾತು ಕೊಟ್ಟಿದ್ದರು. ಗಾಡಿ ಮುಟ್ಟದವರು ಟೈಮ್ ಹೇಳುವುದು ನನಗೆ ಯಾವತ್ತೂ ಹಿಡಿಸಿಲ್ಲ.

ಗೀರಿನ ಮೇಲೆ ಉಗುರು ಆಡಿಸಿದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅಂಥ ಗೀರು ಸಾಮಾನ್ಯವಾಗಿ ಕ್ಲಿಯರ್ ಕೋಟ್‌ನಲ್ಲೇ, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರದಲ್ಲೇ ಇರುತ್ತದೆ, ಗೀರು ಉಜ್ಜಿ ತೆಗೆಯುವ ತರಿತರಿ ಪೇಸ್ಟ್ ಆದ ಕಾಂಪೌಂಡ್‌ಗೆ ಹೋಗಿಬಿಡುತ್ತದೆ. ಬಣ್ಣ ಹೊಳೆಯುತ್ತಲೂ ಇತ್ತು. ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್ ಬೇರೆಯವರ ಕೈಯಲ್ಲಿತ್ತು. ಇಡೀ ಶಾಪ್‌ಗೆ ಇರುವುದು ಅದೊಂದೇ. ಸರಿ, ಪ್ಯಾಡ್ ತಿರುಗಿಸಿ ಉಜ್ಜುವ ಬಫಿಂಗ್ ಮೆಷಿನ್ ಇಟ್ಟೆ.

ಸ್ವಲ್ಪ ಹೊತ್ತಿಗೇ ಬಿಳಿ ಪ್ಯಾಡ್ ಮೇಲೆ ತೆಳುವಾಗಿ ಕೆಂಪು ಕಂಡಿತು. ಮೆಷಿನ್ ಆಫ್ ಮಾಡಿದೆ. ಕ್ಲಿಯರ್ ಕೋಟ್ ಇರುವ ಗಾಡಿಯಲ್ಲಿ ಪ್ಯಾಡ್‌ಗೆ ಗಾಡಿಯ ಬಣ್ಣ ಹತ್ತಿತು ಅಂದರೆ ಮೇಲಿನ ಪದರ ಮುಗಿದು ಕೆಳಗಿನ ಬಣ್ಣದ ಪದರ, ಬೇಸ್ ಕೋಟ್, ಸವೆಯುತ್ತಿದೆ ಎಂದೇ ಅರ್ಥ. ಓಡಿಹೋಗಿ ಗೇಜ್ ತಂದೆ. ಪಕ್ಕದಲ್ಲಿ 110 ಮೈಕ್ರಾನ್ ಆಸುಪಾಸು. ಗೀರಿನ ಜಾಗದಲ್ಲಿ 70. ಕ್ಲಿಯರ್ ಕೋಟ್ ಇರುವುದೇ ಸುಮಾರು 40 ಮೈಕ್ರಾನ್, ಕೂದಲೆಳೆಗಿಂತ ತೆಳು. ಲೆಕ್ಕ ಅಲ್ಲೇ ಸಿಕ್ಕಿತು. ಆದರೂ ಬೇರೆ ಬೇರೆ ಕಡೆ ಇಟ್ಟು ನೋಡುತ್ತಲೇ ಇದ್ದೆ.

ಮಾಲೀಕರನ್ನು ಒಳಗೆ ಕರೆದು ಕೇಳಿದೆ: "ಸರ್, ಮನೇಲಿ ಇದನ್ನ ಉಜ್ಜಿದ್ರಾ?"

"ಹೌದು. ಮೊದಲು ಟೂತ್‌ಪೇಸ್ಟ್. ಹೋಗ್ಲಿಲ್ಲ, ಅದಕ್ಕೆ ವಾಟರ್ ಪೇಪರ್, ನೀರು ಹಾಕಿ ಉಜ್ಜೋ ಸ್ಯಾಂಡ್‌ಪೇಪರ್, ಹಾಕಿದೆ. ಮಂಕಾಯ್ತು. ಮೇಲೆ ವ್ಯಾಕ್ಸ್ ಬಳಿದೆ."

ನಾನು ನೋಡಿದ ಹೊಳಪು ವ್ಯಾಕ್ಸ್‌ನದು. ವ್ಯಾಕ್ಸ್ ಗೀರನ್ನು ತುಂಬಿ ಮುಚ್ಚುತ್ತದೆ, ಬಣ್ಣವನ್ನು ಮರಳಿ ಕೊಡುವುದಿಲ್ಲ. ಮೊದಲೇ ಐಪಿಎ ಎಂಬ ಆಲ್ಕೋಹಾಲ್‌ನಲ್ಲಿ ಒರೆಸಿ ವ್ಯಾಕ್ಸ್ ತೆಗೆದಿದ್ದರೆ ಮಂಕು ಅಲ್ಲೇ ಕಾಣುತ್ತಿತ್ತು. ಡೋರ್‌ಗೆ ಪೂರ್ತಿ ಪೇಂಟ್ ಹೊಡೆಯಬೇಕಾಯಿತು. ಇನ್ನೊಂದು ಗೇಜ್ ತರಿಸಿ ಎಂದು ಮ್ಯಾನೇಜರ್‌ಗೆ ಹೇಳಿದ್ದೇನೆ, ಹೇಳುತ್ತಲೇ ಇದ್ದೇನೆ.

ಮನೆಯಲ್ಲೇ ಗೀರು ತೆಗೆಯಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಚೆನ್ನಾಗೇ ಬರುತ್ತದೆ. ಆದರೆ ಮೊದಲು ಗಾಡಿ ತೊಳೆಯಿರಿ. ಧೂಳಿನ ಮೇಲೆ ಉಜ್ಜಿದರೆ ಹೊಸ ಗೀರುಗಳೇ ಜಾಸ್ತಿ ಆಗುತ್ತವೆ. ಎಷ್ಟೋ ಸಲ ಅದು ಗೀರೇ ಆಗಿರುವುದಿಲ್ಲ, ಬೇರೆ ಗಾಡಿಯ ಬಣ್ಣ ಮೆತ್ತಿಕೊಂಡಿರುತ್ತದೆ. ನೆರಳಲ್ಲಿ, ತಣ್ಣಗಿರುವ ಬಾಡಿ ಮೇಲೆ, ಮೈಕ್ರೋಫೈಬರ್ ಬಟ್ಟೆಗೆ ಚೂರು ನಯವಾದ ಪಾಲಿಶ್ ಹಾಕಿ ಕೈಯಲ್ಲೇ ಉಜ್ಜಿ. ಒರೆಸಿ ನೋಡಿ. ಅದಕ್ಕೆ ಹೋಗದಿದ್ದರೆ ಮಾತ್ರ ಕಾಂಪೌಂಡ್. ಬಟ್ಟೆ ನೆಲಕ್ಕೆ ಬಿದ್ದರೆ ಬೇರೆ ತಗೊಳ್ಳಿ. ಡೋರ್ ಅಂಚು, ಬಾನೆಟ್‌ನ ಏಣುಗಳ ಮೇಲೆ ಒತ್ತಬೇಡಿ, ಬಣ್ಣ ಬೇಗ ಸವೆಯುವುದು ಅಲ್ಲೇ. ವಾಟರ್ ಪೇಪರ್ ನಮಗೆ ಬಿಟ್ಟುಬಿಡಿ.

ಉಗುರು ಸಿಕ್ಕಿಕೊಂಡರೆ ಉಜ್ಜುವುದು ಸುಮ್ನೆ. ಅದಕ್ಕೆ ಟಚ್-ಅಪ್ ಪೇಂಟೇ ಬೇಕು. ತಗಡು ಕಂಡಿದ್ದರೆ ತುಕ್ಕು ಹಿಡಿಯುವ ಮೊದಲೇ ಹಚ್ಚಿ. ಬಣ್ಣದ ಕೋಡ್ ಸಾಮಾನ್ಯವಾಗಿ ಡೋರ್ ಫ್ರೇಮ್‌ನ ಸ್ಟಿಕರ್‌ನಲ್ಲೋ ಬಾನೆಟ್ ಒಳಗಿನ ಪ್ಲೇಟ್‌ನಲ್ಲೋ ಇರುತ್ತದೆ. ನಮ್ಮ ಹತ್ತಿರ ಬರುವುದಾದರೆ ಏನೇನು ಹಾಕಿ ಉಜ್ಜಿದಿರಿ ಅಂತ ಗಾಡಿ ಬಿಡುವಾಗಲೇ ಹೇಳಿಬಿಡಿ.