ಬೋರ್ಡೋ ಬ್ಯಾರಲಿನ ಬಳಿಯ ಹತ್ತು ನಿಮಿಷ

ಒಂದೇ ಅಂಗಡಿಯ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದೇ ಪಂಪು, ಔಷಧಿ ಹೊಡೆಯುವವರೂ ಅವರೇ. ಆದರೂ ಆಷಾಢ ಕಳೆಯುವ ಹೊತ್ತಿಗೆ ಬೇಲಿಯಾಚೆಯ ತೋಟದಲ್ಲಿ ಅಡಿಕೆಯ ಕೊನೆ (ಗೊಂಚಲು) ತುಂಬಿಕೊಂಡು ನಿಂತಿರುತ್ತದೆ, ಈಚೆಯ ತೋಟದಲ್ಲಿ ಎಳೆ ಅಡಿಕೆ ಬಿಳಿ ಬೂಷ್ಟು ಹೊತ್ತು ಮರದ ಬುಡದಲ್ಲಿ ಚೆಲ್ಲಿರುತ್ತದೆ. "ಈ ಸಲ ಮಳೆ ಜಾಸ್ತಿಯಾಯ್ತು ಮಾರಾಯ್ರೆ" ಎನ್ನುತ್ತಾರೆ. ಮಳೆ ಎರಡೂ ತೋಟಕ್ಕೆ ಒಂದೇ. ಹೆಚ್ಚಿನ ಕಡೆ ಗೆಲುವು ಸೋಲು ಔಷಧಿ ಕಲಸುವಾಗಲೇ ತೀರ್ಮಾನವಾಗಿರುತ್ತದೆ.

ಈ ಔಷಧಿ ಮೈಲುತುತ್ತಕ್ಕೆ ಸುಣ್ಣ ಕಲಸಿ ಮಾಡುವ ಬೋರ್ಡೋ. ಮೂಲದಲ್ಲಿ ಅದು ಫ್ರಾನ್ಸಿನ ದ್ರಾಕ್ಷಿ ತೋಟದ್ದು. ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಎಳೆ ಅಡಿಕೆ ಉದುರಿಸುವ ಈ ಕೊಳೆರೋಗದ ಬೆನ್ನು ಹತ್ತಿ ಅಡಿಕೆಗೆ ಅದನ್ನೇ ಹೇಳಿಕೊಟ್ಟರು. ಲೆಕ್ಕ ಎಲ್ಲರಿಗೂ ಬಾಯಿಪಾಠ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎಡವುವುದು ಈ ಲೆಕ್ಕದಲ್ಲಲ್ಲ.

ಮೊದಲು ಮೈಲುತುತ್ತ. ಹರಳನ್ನು ಡ್ರಮ್ಮಿನ ತಳಕ್ಕೆ ಸುರಿದು ಕೋಲಾಡಿಸಿದರೆ ಗಂಟೆ ಕಳೆದರೂ ತಳದಲ್ಲಿ ಹರಳು ಉಳಿದಿರುತ್ತದೆ. ಕರಗಿದ ನೀರು ಭಾರ, ಅದು ಹರಳಿನ ಸುತ್ತಲೇ ಕೂತುಬಿಡುತ್ತದೆ. ತೆಳು ಬಟ್ಟೆಯಲ್ಲೋ ಗೋಣಿ ತುಂಡಿನಲ್ಲೋ ಗಂಟು ಕಟ್ಟಿ, ನೀರಿನ ಮೇಲ್ಮೈಗೆ ತಾಗಿ ಅರ್ಧ ಮುಳುಗುವಂತೆ ತೂಗುಹಾಕಿ ನೋಡಿ. ಗಂಟಿನಿಂದ ನೀಲಿ ಎಳೆಗಳು ಇಳಿಯುತ್ತಾ ಹೋಗುತ್ತವೆ, ಮೇಲಿನ ತಿಳಿನೀರು ಹರಳಿಗೆ ಬಂದು ತಾಗುತ್ತಲೇ ಇರುತ್ತದೆ. ಹಿಂದಿನ ರಾತ್ರಿ ಕಟ್ಟಿಟ್ಟರೆ ಬೆಳಿಗ್ಗೆ ಗಂಟು ಖಾಲಿ. ಪಾತ್ರೆ ಪ್ಲಾಸ್ಟಿಕ್ಕಿನದೋ ಮರದ್ದೋ ಆಗಲಿ. ಕಬ್ಬಿಣದ ಬಕೆಟ್ಟಾದರೆ ತಾಮ್ರವೆಲ್ಲ ಬಕೆಟ್ಟಿಗೇ ಅಂಟುತ್ತದೆ, ಮರಕ್ಕೆ ಹೋಗುವುದು ಬರೀ ಬಣ್ಣದ ನೀರು.

ಸುಣ್ಣದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಹೆಚ್ಚು ಮಂದಿ ಸೋಲುವುದು ಇಲ್ಲೇ. ಲೆಕ್ಕ ಹಾಕಿದರೆ 1 ಕಿಲೋ ಮೈಲುತುತ್ತಕ್ಕೆ ಸುಮಾರು 300 ಗ್ರಾಂ ಶುದ್ಧವಾದ, ನೀರು ಹಾಕಿ ಅರಳಿಸಿದ ಸುಣ್ಣ ಸಾಕು. ಆದರೂ 1 ಕಿಲೋ ಹೇಳುವುದೇಕೆಂದರೆ ನಮ್ಮ ಕೈಗೆ ಸಿಗುವ ಸುಣ್ಣ ಶುದ್ಧವಲ್ಲ. ಬಾಯಿ ತೆರೆದಿಟ್ಟ ಚೀಲದಲ್ಲಿ ಗಾಳಿ ಕುಡಿದ ಸುಣ್ಣ ನೋಡಲು ಅದೇ ಬಿಳಿ ಪುಡಿ, ಒಳಗೆ ಅರ್ಧಕ್ಕರ್ಧ ಸೀಮೆಸುಣ್ಣವಾಗಿರುತ್ತದೆ. ಸುಟ್ಟ ಸುಣ್ಣದ ಗಟ್ಟಿ ತಂದು ನೀವೇ ಅರಳಿಸಿದರೆ ಒಳ್ಳೆಯದು. ನೀರು ಬಿದ್ದಾಗ ಅದು ಸುಂಯ್ ಎಂದು ಕುದಿದು ಬಿಸಿಯೇರಬೇಕು. ಬಿಸಿಯೇರದ ಸುಣ್ಣವನ್ನು ವಾಪಸು ಕೊಡಿ. ಅರಳಿದ್ದನ್ನು ಪೂರ್ತಿ ತಣಿಯಲು ಬಿಟ್ಟು, ಬಟ್ಟೆಯಲ್ಲಿ ಸೋಸಿ. ಬಿಸಿಯಿರುವಾಗಲೇ ಕಲಸಿದರೆ ದ್ರಾವಣ ಕಪ್ಪಿಡುತ್ತದೆ, ಸೋಸದಿದ್ದರೆ ನಾಝಲು ಕಟ್ಟುತ್ತದೆ. ಮರದಡಿ ದೋಟಿ (ಉದ್ದ ಗಳ) ಎತ್ತಿ ನಿಂತವರು ನಾಝಲು ಬಿಚ್ಚಿ ತೊಳೆಯುವುದರಲ್ಲೇ ಅರ್ಧ ದಿನ ಕಳೆಯಬೇಕಾಗುತ್ತದೆ.

ಎರಡನ್ನೂ 50 ಲೀಟರಿನಲ್ಲಿ ಬೇರೆ ಬೇರೆ ಮಾಡಿಕೊಳ್ಳಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣ ಧಾರೆಯಾಗಿ ಸುರಿಯಬೇಕು, ಇನ್ನೊಬ್ಬರು ಕೈ ಬಿಡದೆ ತಿರುಗಿಸುತ್ತಿರಬೇಕು. ತಿರುವುಮುರುವಾಗಿ ಸುರಿದರೆ ಕಣ ದಪ್ಪವಾಗಿ ಬೇಗ ತಳ ಸೇರುತ್ತದೆ, ಕಾಯಿಗೆ ಅಂಟುವುದಿಲ್ಲ. ಸರಿಯಾದ ಬೋರ್ಡೋ ಆಕಾಶನೀಲಿ, ಮಜ್ಜಿಗೆಯ ಹಾಗೆ ನುಣುಪು. ಲೋಟದಲ್ಲಿ ತೆಗೆದಿಟ್ಟರೆ ನಿಧಾನವಾಗಿ ಇಳಿಯಬೇಕು.

ಈಗ ಕತ್ತಿಯ ಪರೀಕ್ಷೆ. ಕೈಯಲ್ಲಿದ್ದ ಕತ್ತಿಯನ್ನು ಹಾಗೇ ಅದ್ದಿ "ಸರಿ ಇದೆ" ಎಂದುಬಿಡುವುದು ವಾಡಿಕೆ. ತುಕ್ಕು ಹಿಡಿದ, ಎಣ್ಣೆ ಸವರಿದ ಕತ್ತಿ ಏನನ್ನೂ ತೋರಿಸುವುದಿಲ್ಲ. ಮಸೆಕಲ್ಲಿಗೆ ಉಜ್ಜಿ ಅಂಚು ಬೆಳ್ಳಗೆ ಹೊಳೆಯುವಂತೆ ಮಾಡಿ, ಒಂದು ನಿಮಿಷ ಮುಳುಗಿಸಿ, ತೆಗೆದು ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಕೆಂಪು ಛಾಯೆ ಕಂಡರೆ ದ್ರಾವಣ ಹುಳಿ ಇದೆ. ಸುಣ್ಣದ ತಿಳಿ ಸೇರಿಸಿ, ಕತ್ತಿ ಮತ್ತೆ ಉಜ್ಜಿ, ಮತ್ತೆ ಅದ್ದಿ. ಲಿಟ್ಮಸ್ ಕಾಗದವಿದ್ದರೆ ಇನ್ನೂ ಒಳ್ಳೆಯದು, ಕೆಂಪು ಕಾಗದ ನೀಲಿಗೆ ತಿರುಗಬೇಕು. ಹುಳಿ ದ್ರಾವಣ ಹೊಡೆದರೆ ಎಳೆ ಕಾಯಿ ಸುಡುತ್ತದೆ, ಆಮೇಲೆ ಉದುರಿದ್ದಕ್ಕೆಲ್ಲ ಕೊಳೆಯ ಹೆಸರು ಬರುತ್ತದೆ. ಈ ಪರೀಕ್ಷೆ ಪ್ರತಿ ಬ್ಯಾರಲಿಗೂ ಬೇಕು, ಮೊದಲನೆಯದಕ್ಕೆ ಮಾಡಿದರೆ ಮುಗಿಯಲಿಲ್ಲ. ಔಷಧಿ ಕಾಯಿಗೆ ಹಿಡಿದಿರಲೆಂದು ಅಂಟು ಸೇರಿಸುವುದಿದ್ದರೆ ಪರೀಕ್ಷೆ ಆದ ಮೇಲೆ, ಕೊನೆಗೆ.

ಕಲಸಿದ್ದನ್ನು ಅದೇ ದಿನ ಹೊಡೆದು ಮುಗಿಸಬೇಕು. ಮಾರನೆಯ ದಿನಕ್ಕೆ ಕಣಗಳು ಒರಟಾಗಿ ಅಂಟುವ ಗುಣ ಹೋಗಿರುತ್ತದೆ. ಆದರೆ ಮೈಲುತುತ್ತದ ನೀರು, ಸುಣ್ಣದ ನೀರು ಬೇರೆ ಬೇರೆಯಾಗಿ ಮುಚ್ಚಿಟ್ಟರೆ ಕೆಡುವುದಿಲ್ಲ. ಮೋಡ ಕವಿದ ದಿನ ಒಂದೊಂದೇ ಬ್ಯಾರಲು ಕಲಸಿ, ಮಳೆ ಬಂದರೆ ಒಂದೇ ಬ್ಯಾರಲಿನ ನಷ್ಟ.

ಹೊಡೆಯುವಾಗ ನೆನಪಿಡಬೇಕಾದ್ದು: ಬೋರ್ಡೋ ಕಾಯಿಯ ಒಳಗೆ ಇಳಿಯುವ ಔಷಧಿಯಲ್ಲ, ಮೈಮೇಲೆ ಕೂರುವ ಪೊರೆ. ಕೊಳೆಯ ಶಿಲೀಂಧ್ರದ ಬೀಜಕಣ ನೀರಿನಲ್ಲಿ ಈಜಿ ಬಂದು ಕಾಯಿ ಹೊಗುತ್ತದೆ. ಹೊಕ್ಕಮೇಲೆ ಈ ಪೊರೆಯಿಂದ ಪ್ರಯೋಜನವಿಲ್ಲ. ಆದ್ದರಿಂದಲೇ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ, ಮೇ ಕೊನೆ ಜೂನ್ ಮೊದಲಿಗೆ. ನೆಲದಿಂದ ಹೊಡೆಯುವಾಗ ತಮ್ಮ ಕಡೆಯ ಮುಖ ನೀಲಿಯಾದೊಡನೆ ಮುಂದಿನ ಮರಕ್ಕೆ ಹೋಗುವ ಅಭ್ಯಾಸವಿದೆ. ಮರದ ಆಚೆ ಬದಿಗೂ ಹೋಗಿ ಹೊಡೆಯಬೇಕು, ಕೊನೆಯ ಒಳಗಿನ ಕಾಯಿ, ತೊಟ್ಟು, ಕೊನೆಯ ಬುಡ ಎಲ್ಲ ನೆನೆಯಬೇಕು. ರೋಗ ಮೊದಲು ಕಾಣುವುದು ತೊಟ್ಟಿನ ಹತ್ತಿರವೇ, ಕಡುಹಸಿರು ನೀರುಗಲೆಯಾಗಿ. ಬಿಟ್ಟುಹೋದ ಒಂದು ಕೊನೆಯಿಂದ ಗಾಳಿಮಳೆ ಸುತ್ತಲ ಮರಗಳಿಗೆ ಹಂಚುತ್ತದೆ.

ಎರಡನೆಯ ಸಿಂಪಡಣೆ 40ರಿಂದ 45 ದಿನಕ್ಕೆ. ಮಳೆ ತೊಳೆದದ್ದು ಒಂದು ಕಾರಣ, ಕಾಯಿ ಬೆಳೆದು ಪೊರೆ ಇಲ್ಲದ ಹೊಸ ಮೈ ತೆರೆದುಕೊಂಡಿರುವುದು ಇನ್ನೊಂದು. ಮಳೆ ಬಿಡದಿದ್ದರೆ ಮೂರನೆಯದೂ ಬೇಕು. ಬಿಸಿಲು ಬಂದು ಕಾಯಿಯ ಮೈ ಒಣಗಿದ ಹೊತ್ತು ನೋಡಿ ಹೊಡೆಯಿರಿ.

ಸಂಜೆ ಪಂಪು, ಪೈಪು ತೊಳೆದ ನೀರನ್ನು ಹಳ್ಳಕ್ಕೆ, ಕೆರೆಗೆ ಬಿಡಬೇಡಿ, ತಾಮ್ರಕ್ಕೆ ಮೀನು ಸಾಯುತ್ತದೆ. ಉದುರಿದ ಕಾಯಿಯನ್ನು ಬುಡದಲ್ಲೇ ಬಿಡದೆ ಆರಿಸಿ ತೋಟದಿಂದ ಹೊರಗೆ ಹಾಕಿ. ಹೋದ ವರ್ಷ ಕೊಳೆತು ಒಣಗಿ ಮರದಲ್ಲೇ ಜೋತಿರುವ ಕೊನೆಗಳನ್ನು ಮಳೆಗಾಲಕ್ಕೆ ಮೊದಲೇ ಇಳಿಸಿ ಸುಡಿ.