ಹತ್ತು ಸಾವಿರದ ಹಿಂದೆ ಎಷ್ಟು ಗುಂಟೆ?

ಬೆಳೆಹಾನಿ ಪರಿಹಾರದ ಪಟ್ಟಿ ಬಂತೆಂದರೆ ಊರವರು ಹುಡುಕುವುದು ಎರಡನ್ನೇ: ತಮ್ಮ ಹೆಸರು, ಬಾಜೂ ಹೊಲದವನ ಮೊತ್ತ. ಅವನಿಗೆ ಇಪ್ಪತ್ತು ಸಾವಿರ, ನನಗೆ ಹತ್ತೇ ಯಾಕೆ ಎಂದು ಚಾವಡಿ ಮುಂದೆ ವಾದ ಶುರು. ಆ ವ್ಯತ್ಯಾಸ ಹುಟ್ಟುವುದು ಸರ್ವೆ ನಂಬರು, ಬೆಳೆ, ವಿಸ್ತೀರ್ಣ, ನೀರಾವರಿಯೋ ಮಳೆಯಾಶ್ರಿತವೋ ಎಂಬ ನಾಲ್ಕು ನಮೂದುಗಳಲ್ಲಿ.

ಲೆಕ್ಕ ಸರಳ. ಸರ್ಕಾರದ ವಿಪತ್ತು ಪರಿಹಾರ ನಿಧಿಯಡಿ 2022-23ರಿಂದ 2025-26ರವರೆಗೆ ನಿಗದಿಯಾದ ದರ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500 ರೂಪಾಯಿ, ನೀರಾವರಿಗೆ 17,000, ದ್ರಾಕ್ಷಿ, ದಾಳಿಂಬೆಯಂಥ ಬಹುವಾರ್ಷಿಕ ಬೆಳೆಗೆ 22,500. ಹಾನಿ ಶೇ 33ಕ್ಕಿಂತ ಕಡಿಮೆ ಎಂದು ಬರೆದರೆ ಏನೂ ಇಲ್ಲ. ಹತ್ತು ಎಕರೆ ಹಾಳಾದರೂ ಸಿಗುವುದು 2 ಹೆಕ್ಟೇರಿಗೆ ಮಾತ್ರ, ಅಂದರೆ ಸುಮಾರು 4 ಎಕರೆ 38 ಗುಂಟೆಗೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆಯ ಮೂರು ಎಕರೆ ಒಣ ತೊಗರಿಗೆ ಸುಮಾರು 10,300 ಬರುತ್ತದೆ. ಬೋರ್ ನೀರಿನ ಮೂರು ಎಕರೆ ಗೋವಿನಜೋಳಕ್ಕೆ 20,600. ಅದನ್ನೇ ಮಳೆಯಾಶ್ರಿತ ಎಂದು ನಮೂದಿಸಿದರೆ ಅರ್ಧ ಹೋಯಿತು. 2025ರ ಮುಂಗಾರು ಹಾನಿಗೆ ರಾಜ್ಯ ಸರ್ಕಾರ ಹೆಕ್ಟೇರಿಗೆ ಇನ್ನೂ 8,500 ಘೋಷಿಸಿತ್ತು. ಅದನ್ನೂ ಕೂಡಿಸಿ ನೋಡಬೇಕು.

ತಪ್ಪು ಬಹುತೇಕ, ಯಾವ ಹೊಲದಲ್ಲಿ ಯಾವ ಬೆಳೆ ಎಂದು ಬರೆದುಕೊಳ್ಳುವ ಬೆಳೆ ಸಮೀಕ್ಷೆಯಲ್ಲೇ ಸೇರಿಕೊಂಡಿರುತ್ತದೆ. ಬಾಗಲಕೋಟೆ ಕಡೆ ಉಳ್ಳಾಗಡ್ಡಿ (ಈರುಳ್ಳಿ) ಜೊತೆ ತೊಗರಿ ಸಾಲು ಇದ್ದರೆ, ಮೊಬೈಲ್ ಹಿಡಿದು ಬಂದವರು ಬದುವಿನ ಮೇಲೆ ನಿಂತು ಒಂದೇ ಬೆಳೆ ನಮೂದಿಸಿ ಹೋಗಿರುತ್ತಾರೆ. ಮುಂದೆ ಮಳೆಗೆ ಉಳ್ಳಾಗಡ್ಡಿ ಕೊಳೆತಾಗ ದಾಖಲೆಯಲ್ಲಿ ಇರುವುದು ತೊಗರಿ. ತೊಗರಿ ಕೃಷಿ ಇಲಾಖೆಯದು, ಉಳ್ಳಾಗಡ್ಡಿ ತೋಟಗಾರಿಕೆಯದು. ಜಂಟಿ ಸಮೀಕ್ಷೆಗೆ ಬಂದವರು ಒಬ್ಬರತ್ತ ಒಬ್ಬರು ಕೈ ತೋರಿಸುತ್ತಾರೆ. ಆದ್ದರಿಂದ ಬೆಳೆ ಹೊಲದಲ್ಲಿರುವಾಗಲೇ ಸಮೀಕ್ಷೆಯ ದಾಖಲೆ ತೋರಿಸುವ ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ಸರ್ವೆ ನಂಬರು ಹಾಕಿ, ಫೋಟೋ ನೋಡಿ, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ. ಕಟಾವು ಆದ ಮೇಲೆ ತಲಾಠಿಯಾದರೂ (ಗ್ರಾಮ ಲೆಕ್ಕಿಗ) ಏನು ನೋಡಿ ತಿದ್ದಬೇಕು?

ಎರಡನೆಯ ತೂತು ಫ್ರೂಟ್ಸ್ ಐಡಿ, ಅಂದರೆ ಸರ್ಕಾರ ರೈತನಿಗೆ ಕೊಡುವ ನೋಂದಣಿ ಸಂಖ್ಯೆ. ಉತಾರದಲ್ಲಿ (ಪಹಣಿ) ಮೂರು ಸರ್ವೆ ನಂಬರಿದ್ದು ಐಡಿಗೆ ಒಂದೇ ಜೋಡಣೆಯಾಗಿದ್ದರೆ, ಲೆಕ್ಕಕ್ಕೆ ಬರುವುದು ಆ ಒಂದೇ. ಜಮೀನು ಜಂಟಿ ಖಾತೆಯಲ್ಲಿದ್ದರೆ ಪಾಲಿನಷ್ಟೇ. ಅಪ್ಪ ತೀರಿಕೊಂಡು ವಾರಸಾ (ವಾರಸುದಾರರ ಹೆಸರಿಗೆ ಜಮೀನು ವರ್ಗಾವಣೆ) ಆಗದಿದ್ದರೆ ಉಳುವ ಮಗನ ಹೆಸರಿಗೆ ಏನೂ ಬರುವುದಿಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್, ಪಾಸ್‌ಬುಕ್, ಎಲ್ಲ ಉತಾರ ಒಯ್ದು ಒಮ್ಮೆ ಐಡಿ ಜೋಡಣೆ ಸರಿಮಾಡಿಸಿದರೆ ಮುಗಿಯಿತು.

ಹಣ ಬಂದ ವಿವರ ತೋರಿಸುವ ಸರ್ಕಾರದ ‘ಪರಿಹಾರ’ ಜಾಲತಾಣದಲ್ಲಿ ವರ್ಷ, ಹಂಗಾಮು, ವಿಪತ್ತಿನ ಬಗೆ ಮೂರೂ ಸರಿಯಾಗಿ ಆರಿಸಬೇಕು. ಬರಕ್ಕೆ ಬಂದದ್ದನ್ನು ಪ್ರವಾಹದಲ್ಲಿ ಹುಡುಕಿ ‘ನಮಗೆ ಬಂದೇ ಇಲ್ಲ’ ಎನ್ನುವವರು ಕಡಿಮೆಯಿಲ್ಲ. ಕಂತುಗಳೂ ಗೊಂದಲ ಮಾಡುತ್ತವೆ: 2023ರ ಬರಕ್ಕೆ ಮೊದಲು 2,000 ರೂಪಾಯಿವರೆಗೆ ಬಂತು, ಉಳಿದದ್ದು ಕೇಂದ್ರದ ಹಣ ಬಂದ ಮೇಲೆ. ಜಮಾ ಎಂದು ತೋರಿಸಿಯೂ ಪಾಸ್‌ಬುಕ್ ಖಾಲಿಯಿದ್ದರೆ, ಆಧಾರ್‌ಗೆ ಕೊನೆಗೆ ಜೋಡಿಸಿದ ಬೇರೆ ಬ್ಯಾಂಕಿನ ಖಾತೆಯನ್ನು ನೋಡಿ.

ಇಡೀ ಊರಿನ ಲೆಕ್ಕ ಬೇಕೆ? ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರವನ್ನು ಕೇಳದೆಯೇ ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಬಿ) ಹೇಳುತ್ತದೆ. ಬರೀ ಹೆಸರು, ಮೊತ್ತ ಅಂಟಿಸಿದರೆ ಅದು ಅರ್ಧ ಪಾರದರ್ಶಕತೆ ಎಂದೇ ನಮ್ಮ ಲೆಕ್ಕ. ತಹಶೀಲ್ದಾರ್ ಕಚೇರಿಯ ಮಾಹಿತಿ ಅಧಿಕಾರಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಒಂದೇ ವಿಷಯ, 150 ಪದದೊಳಗೆ ಬರೆಯಿರಿ: ಗ್ರಾಮ, ಹಂಗಾಮು, ಸರ್ವೆ ನಂಬರುವಾರು ಬೆಳೆ, ಹಾನಿಯ ವಿಸ್ತೀರ್ಣ, ಮಂಜೂರಾದ ಮೊತ್ತ. ಆಧಾರ್, ಬ್ಯಾಂಕ್ ಖಾತೆ ಸಂಖ್ಯೆ ಕೇಳಬೇಡಿ. ವೈಯಕ್ತಿಕ ಮಾಹಿತಿ ಎಂಬ ನೆಪದಲ್ಲಿ ಇಡೀ ಅರ್ಜಿಯೇ ವಾಪಸಾಗಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.