ತೆಳು ರಕ್ತ, ಗಟ್ಟಿ ರಕ್ತ

2025 ಜುಲೈ 9, ಬುಧವಾರ, ರಾತ್ರಿ

ಹೃದಯಕ್ಕೆ ಲೋಹದ ಮೈಟ್ರಲ್ ಕವಾಟ ಹಾಕಿಸಿಕೊಂಡಿರುವ ಇಪ್ಪತ್ತಾರರ ಹೆಣ್ಣುಮಗಳೊಬ್ಬಳು ನಿನ್ನೆ ಸಂಜೆ ಹೊಟ್ಟೆನೋವೆಂದು ಬಂದಳು. ಎಲ್ಲಿಯೂ ಬಿದ್ದಿರಲಿಲ್ಲ, ಪೆಟ್ಟಾಗಿರಲಿಲ್ಲ. ನೋವು ಬಲ ಕಿಬ್ಬೊಟ್ಟೆಯಲ್ಲಿ ಶುರುವಾಗಿದ್ದರಿಂದ ಚೀಟಿಯಲ್ಲಿ ಅಪೆಂಡಿಕ್ಸ್ ಎಂದು ಬರೆದು ಕಳಿಸಿದ್ದರು. ಆದರೆ ಅಂಗಾತ ಮಲಗಿಸಿದೊಡನೆ ಬಲಭುಜ ನೋಯುತ್ತಿದೆ ಎಂದಳು. ಹೊಟ್ಟೆಯೊಳಗೆ ಸೋರಿದ ರಕ್ತ, ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆಣಕಿದಾಗ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ನಾಡಿ 128, ಹಿಮೋಗ್ಲೋಬಿನ್ 10.4. ಆ 10.4 ನೋಡಿ ಕಿರಿಯ ವೈದ್ಯರಿಗೆ ಸಮಾಧಾನವಾಯಿತು, ನನಗಾಗಲಿಲ್ಲ. ರಕ್ತಕಣಗಳೂ ದ್ರವವೂ ಒಟ್ಟಿಗೇ ಸೋರುವುದರಿಂದ ಮೊದಲ ಕೆಲವು ಗಂಟೆ ಆ ಸಂಖ್ಯೆ ಅಷ್ಟಾಗಿ ಇಳಿಯುವುದಿಲ್ಲ, ಅದಕ್ಕೂ ಮೊದಲೇ ನಾಡಿ ಓಡತೊಡಗುತ್ತದೆ.

ಸ್ಕ್ಯಾನ್‌ನಲ್ಲಿ ಯಕೃತ್ತಿಗೂ ಬಲ ಮೂತ್ರಪಿಂಡಕ್ಕೂ ನಡುವೆ ಬೆರಳಗಲದ ಕಪ್ಪು ಪಟ್ಟಿ ಕಂಡಿತು, ಸೋರಿ ನಿಂತ ರಕ್ತ. ಮೂತ್ರ ಪರೀಕ್ಷೆಯಲ್ಲಿ ಗರ್ಭವಿರಲಿಲ್ಲ. ಮುಟ್ಟಾಗಿ ಇಪ್ಪತ್ತೆರಡು ದಿನವಾಗಿತ್ತು. ಅಂಡ ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಳಿಯುವ ಕಾರ್ಪಸ್ ಲೂಟಿಯಂ ಒಡೆದರೆ ಸಾಮಾನ್ಯವಾಗಿ ಸ್ವಲ್ಪ ರಕ್ತ ಸೋರಿ ತಾನೇ ನಿಲ್ಲುತ್ತದೆ, ಆದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಅಸಿಟ್ರಾಮ್ ಮಾತ್ರೆ ನುಂಗುವವರಲ್ಲಿ ಹಾಗೆ ನಿಲ್ಲುತ್ತದೆಂಬ ಭರವಸೆಯಿಲ್ಲ. ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆಂದು ಹೇಳುವ ಐಎನ್‌ಆರ್, ಅವಳಿಗೆ 2.5ರಿಂದ 3.5ರೊಳಗೆ ಇರಬೇಕಾದದ್ದು, 8.6 ಬಂದಿತ್ತು.

ಅರಿಶಿನದ ಕಲೆಯಾಗಿದ್ದ ಅವಳ ಐಎನ್‌ಆರ್ ಪುಸ್ತಕದಲ್ಲಿ ಕೊನೆಯ ನಮೂದು ಮಾರ್ಚ್ ತಿಂಗಳದ್ದು. ಬೇರೇನು ಮಾತ್ರೆ ಕೊಟ್ಟಿರಿ ಎಂದು ನಾಲ್ಕನೆಯ ಬಾರಿ ಕೇಳಿದಾಗ ತಾಯಿ ಪ್ಲಾಸ್ಟಿಕ್ ಕವರಿನಿಂದ ಖಾಲಿ ಪಟ್ಟಿಯೊಂದನ್ನು ತೆಗೆದರು. ಭೇದಿಗೆಂದು ಔಷಧಿ ಅಂಗಡಿಯಲ್ಲಿ ಕೊಟ್ಟಿದ್ದ ಮೆಟ್ರೊನಿಡಜೋಲ್, ಐದು ದಿನ. ಯಕೃತ್ತು ಅಸಿಟ್ರಾಮನ್ನು ಕರಗಿಸಿ ಕಳೆಯುವುದಕ್ಕೆ ಅದು ಅಡ್ಡ ನಿಲ್ಲುತ್ತದೆ. ಭೇದಿ ನಿಂತಿತ್ತು, ಆ ಮಟ್ಟಿಗೆ ಅಂಗಡಿಯವರ ಔಷಧಿ ಸರಿಯೇ.

ವಿಟಮಿನ್ ಕೆ ಚುಚ್ಚುವಾಗ ತಾಯಿ ಕೇಳಿದರು: “ರಕ್ತ ತೆಳು ಆಗ್ಲಿ ಅಂತಾನೇ ಜೀವನಪೂರ್ತಿ ಮಾತ್ರೆ ಬರ್ದಿದ್ದಾರೆ. ಈಗ ಗಟ್ಟಿ ಆಗ್ಲಿ ಅಂತ ಇಂಜೆಕ್ಷನ್ನಾ, ಡಾಕ್ಟ್ರೇ?”

“ಸೋರೋದು ನಿಲ್ಲೋಷ್ಟು ಗಟ್ಟಿಯಾದ್ರೆ ಸಾಕಮ್ಮ.”

“ಅದು ಅಷ್ಟಕ್ಕೇ ನಿಲ್ಲುತ್ತಾ?”

ನನ್ನಲ್ಲಿ ನೇರ ಉತ್ತರವಿರಲಿಲ್ಲ. ಹೆಚ್ಚು ಕೊಟ್ಟರೆ ಮುಂದೆ ಎಷ್ಟೋ ದಿನ ಅಸಿಟ್ರಾಮ್ ಹಿಡಿಯುವುದಿಲ್ಲ, ಕವಾಟದ ಮೇಲೆ ಹೆಪ್ಪುಗಟ್ಟಿದರೆ ಉಸಿರೇ ನಿಲ್ಲಬಹುದು. ಆದ್ದರಿಂದ ಕಡಿಮೆ ಪ್ರಮಾಣ ಕೊಟ್ಟು, ಹೆಪ್ಪುಗಟ್ಟಿಸುವ ಅಂಶಗಳಿರುವ ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನೇ ನೆಚ್ಚಿಕೊಂಡೆ. ಶೀತದಲ್ಲಿ ಗಡ್ಡೆಯಾಗಿದ್ದ ಪ್ಲಾಸ್ಮಾ ಚೀಲಗಳು 37 ಡಿಗ್ರಿ ನೀರಿನಲ್ಲಿ ಕರಗುವವರೆಗೆ ಕಾಯಬೇಕಾಯಿತು. ಅಷ್ಟು ದ್ರವವನ್ನು ಹೃದಯ ತಡೆದುಕೊಳ್ಳುವುದೋ ಎಂದು ಪ್ರತಿ ಚೀಲದ ನಂತರ ಅವಳ ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಲೋಹದ ಕವಾಟ ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತಿತ್ತು.

ಬೆಳಗಿನ ಜಾವ ಹಿಮೋಗ್ಲೋಬಿನ್ 7.1ಕ್ಕೆ ಇಳಿಯಿತು, ಎರಡು ಚೀಲ ರಕ್ತ ಕೊಟ್ಟೆವು. ಐಎನ್‌ಆರ್ 1.8, ನಾಡಿ 94. ಹೊಟ್ಟೆ ತೆರೆಯಬೇಕಾಗಲಿಲ್ಲ.

ಈಗ ಚಿಂತೆ ತಿರುಗಿಬಿದ್ದಿದೆ. ಕವಾಟಕ್ಕೆ ಈ ಗಳಿಗೆಯಲ್ಲಿ ಯಾವ ಕಾವಲೂ ಇಲ್ಲ. ನಾಳೆಯ ಸ್ಕ್ಯಾನ್‌ನಲ್ಲಿ ಆ ಕಪ್ಪು ಪಟ್ಟಿ ಹಿಗ್ಗಿರದಿದ್ದರೆ ಸಂಜೆಗೆ, ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು ಆರಂಭಿಸಬಹುದು, ಹಿಗ್ಗಿದ್ದರೆ…